ಮೆಡಿಕಲ್ ಕೌನ್ಸಿಲ್‌ನಲ್ಲಿ ನನ್ನ ದೂರು ಗೆದ್ದದ್ದು ಹೀಗೆ

ಡಾಕ್ಟರೊಬ್ಬರ ಮೇಲೆ ರಾಜ್ಯದ ಮೆಡಿಕಲ್ ಕೌನ್ಸಿಲ್‌ಗೆ, ಅಂದರೆ ಡಾಕ್ಟರುಗಳ ನೋಂದಣಿ, ನಡತೆ ನೋಡಿಕೊಳ್ಳುವ ಸಂಸ್ಥೆಗೆ, ದೂರು ಕೊಡ್ತೀನಿ ಅಂದಾಗ ‘ಕೌನ್ಸಿಲ್‌ನಲ್ಲಿ ಕೂತವರೂ ಡಾಕ್ಟರುಗಳೇ, ತಮ್ಮವರನ್ನ ಬಿಟ್ಟುಕೊಡ್ತಾರಾ?’ ಅಂತ ಎಲ್ಲರೂ ನಕ್ಕಿದ್ದರು. ನಕ್ಕವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮಾವನವರ ಬೆನ್ನಿನ ಆಪರೇಷನ್ ಕೆಟ್ಟಿತ್ತು. ಮೊದಲ ದೂರು ಬರೆದದ್ದು ವಕೀಲರು. ಇಪ್ಪತ್ತು ಸಾವಿರದ ಹತ್ತಿರ ಖರ್ಚು. ಪುಟಗಟ್ಟಲೆ ನಿರ್ಲಕ್ಷ್ಯ, ಅಮಾನವೀಯತೆ, ಪರಿಹಾರ ಕೊಡಿಸಿ ಅನ್ನೋದೇ. ‘ಇದು ಗೊತ್ತಿರುವ ಕಾಂಪ್ಲಿಕೇಷನ್’, ಅಂದರೆ ಸರಿಯಾಗಿ ಮಾಡಿದರೂ ಬರಬಹುದಾದ ತೊಂದರೆ, ಅಂತ ಡಾಕ್ಟರು ಅರ್ಧ ಪುಟದಲ್ಲಿ ಉತ್ತರ ಕೊಟ್ಟರು. ಅಲ್ಲಿಗೆ ದೂರು ವಜಾ. ದುಡ್ಡು ಕೊಡಿಸೋದು ಕೌನ್ಸಿಲ್ ಕೆಲಸವೇ ಅಲ್ಲ, ಅದಕ್ಕೆ ಗ್ರಾಹಕರ ಆಯೋಗ ಇದೆ. ವಕೀಲರಿಗೆ ಇಷ್ಟಾದರೂ ಗೊತ್ತಿರಬೇಕಿತ್ತು, ಅಲ್ವಾ?

ಎರಡನೇ ಸಲ ಡಾಕ್ಟರುಗಳ 2002ರ ನಡತೆ ನಿಯಮ ಹಿಡಿದು ನಾನೇ ಕೂತೆ. ಆಪರೇಷನ್ ಸರಿಯೋ ತಪ್ಪೋ ಅನ್ನೋ ವಿಷಯ ಮುಟ್ಟಲೇ ಇಲ್ಲ. ಕಾಗದದಲ್ಲಿ ಸಿಗುವುದನ್ನು ಮಾತ್ರ ಹಿಡಿದೆ. ಮಾವನವರ ಚಿಕಿತ್ಸೆಯ ರೆಕಾರ್ಡ್ ಬೇಕೆಂದು ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲ್ ಹಾಕಿಸಿಕೊಂಡೆ. 72 ಗಂಟೆಯೊಳಗೆ ಕೊಡಬೇಕು. ಕೊಟ್ಟದ್ದು ಮೂರು ವಾರದ ಮೇಲೆ. ಕನ್ಸೆಂಟ್ ಫಾರಂ ತೆಗೆದು ನೋಡಿದರೆ ಆಪರೇಷನ್ ಹೆಸರಿನ ಜಾಗ ಖಾಲಿ, ಕೆಳಗೆ ಮಾವನವರ ಸಹಿ! ಔಷಧಿ ಚೀಟಿಯಲ್ಲಿ ರಿಜಿಸ್ಟ್ರೇಷನ್ ನಂಬರ್ ಇಲ್ಲ. ಬೋರ್ಡಿನಲ್ಲಿ ‘ಸ್ಪೈನ್ ಸ್ಪೆಷಲಿಸ್ಟ್’, ಕೌನ್ಸಿಲ್‌ನ ರಿಜಿಸ್ಟರಿನಲ್ಲಿ ಬರೀ ಜನರಲ್ ಸರ್ಜರಿ. ಆ ವಿಭಾಗದ ವಿಶೇಷ ಅರ್ಹತೆ ಇಲ್ಲದೆ ಸ್ಪೆಷಲಿಸ್ಟ್ ಅಂತ ಹೇಳಿಕೊಳ್ಳುವಂತಿಲ್ಲ.

ದೂರು ಎರಡೇ ಪುಟ. ಲಗತ್ತುಗಳನ್ನು ಯಾವ ಕ್ರಮದಲ್ಲಿ ಜೋಡಿಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮಧ್ಯೆ ಸುಮ್ನೆ ಹತ್ತು ರೂಪಾಯಿ ಕಟ್ಟಿ, ಕಡತ ಯಾರ ಹತ್ತಿರ ಇದೆ ಅಂತ ಆರ್‌ಟಿಐ ಹಾಕಿ ನೋಡಿದೆ. ಬಂದ ಉತ್ತರ ಅಷ್ಟಕ್ಕಷ್ಟೇ. ಆದರೆ ಅದರ ಹಿಂದೆಯೇ ಡಾಕ್ಟರಿಗೆ ನೋಟಿಸ್ ಹೋಯಿತು. ಕಾಕತಾಳೀಯ ಅಂತ ನಾನು ನಂಬುವುದಿಲ್ಲ.

ಆರು ತಿಂಗಳಲ್ಲಿ ತೀರ್ಮಾನ ಆಗಬೇಕು ಅನ್ನುತ್ತೆ ನಿಯಮ. ಹೆಚ್ಚುಕಮ್ಮಿ ಒಂದೂವರೆ ವರ್ಷ ಹಿಡಿಯಿತು. ವಿಚಾರಣೆಯಲ್ಲಿ ಡಾಕ್ಟರ ಕಡೆಯವರು ಮತ್ತೆ ಕಾಂಪ್ಲಿಕೇಷನ್ ಪುರಾಣ ತೆಗೆದರು. ‘ಅದರ ಬಗ್ಗೆ ದೂರೇ ಇಲ್ಲವಲ್ಲ’ ಅಂತ ಸದಸ್ಯರೊಬ್ಬರೇ ತಡೆದು, ಕನ್ಸೆಂಟ್ ಫಾರಂ ಮುಂದಿಟ್ಟು ‘ಈ ಜಾಗ ಯಾಕೆ ಖಾಲಿ ಡಾಕ್ಟ್ರೇ?’ ಅಂದರು. ಡಾಕ್ಟರು ತಮ್ಮ ವಕೀಲರ ಮುಖ ನೋಡಿದರು.

ಮೂರು ತಿಂಗಳು ರಿಜಿಸ್ಟರಿನಿಂದ ಡಾಕ್ಟರ ಹೆಸರು ತೆಗೆದರು, ಅಂದರೆ ಅಷ್ಟು ದಿನ ಪ್ರಾಕ್ಟೀಸ್ ಮಾಡುವಂತಿಲ್ಲ. ಈ ಸುತ್ತಿನಲ್ಲಿ ಜೆರಾಕ್ಸ್, ಪೋಸ್ಟು, ಬಸ್ಸು ಎಲ್ಲ ಸೇರಿ ನಾಲ್ಕು ಸಾವಿರ ದಾಟಿಲ್ಲ.

ಒಂದು ಮಾತು: 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 30ನೇ ಕಲಂ ಮೇಲ್ಮನವಿ ಹಕ್ಕು ಬರೆದಿರುವುದು ವೈದ್ಯರಿಗೆ. ರೋಗಿಯ ಹೆಸರೇ ಅಲ್ಲಿಲ್ಲ. ರಾಜ್ಯ ಕೌನ್ಸಿಲ್‌ನಲ್ಲೇ ಗೆಲ್ಲುವ ಹಾಗೆ ಕಾಗದ ಸಿದ್ಧಮಾಡಿಕೊಳ್ಳಿ. ನಮ್ಮ ಗ್ರಾಹಕರ ಆಯೋಗದ ಕೇಸು ಇನ್ನೂ ನಡೆದಿದೆ, ಈ ಆದೇಶದ ಪ್ರತಿಯನ್ನು ಮೊನ್ನೆ ಅಲ್ಲಿಗೂ ಹಾಕಿದ್ದೇನೆ.