ಪೈಥಾನ್‌ಗೆ ನೀವು ಕೊಟ್ಟ 3 ಸಂಖ್ಯೆಯೇ ಅಲ್ಲ!

ಗಂಟೆ ಕೊಟ್ಟರೆ ನಿಮಿಷ ಹೇಳುವ ಪುಟ್ಟ ಪ್ರೋಗ್ರಾಂ ಬರೆಯೋಣ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 3ನೇ ಆವೃತ್ತಿ (ಪೈಥಾನ್ 3) ಇದ್ದರೆ ಸಾಕು. ಆದರೆ ಕೆಳಗಿನ ಇನ್‌ಪುಟ್, ಪ್ರಿಂಟ್, ಇಂಟ್, ಫ್ಲೋಟ್ ಪದಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ (input, print, int, float) ಟೈಪ್ ಮಾಡಬೇಕು. ವೇರಿಯಬಲ್, ಅಂದರೆ ಒಂದು ಬೆಲೆಗೆ ನಾವಿಡುವ ಹೆಸರು, ಮಾತ್ರ ಕನ್ನಡದಲ್ಲೇ ಇರಲಿ, ಪೈಥಾನ್ 3 ತಕರಾರು ಮಾಡುವುದಿಲ್ಲ.

ಮೊದಲು ವೇರಿಯಬಲ್:

ಗಂಟೆ = 3
ಪ್ರಿಂಟ್(ಗಂಟೆ * 60)

ರನ್ ಮಾಡಿದರೆ 180 ಬರುತ್ತದೆ. ಇಲ್ಲಿ = ಚಿಹ್ನೆ ಗಣಿತದ 'ಸಮ' ಅಲ್ಲ. ಬಲಗಡೆಯ ಬೆಲೆಗೆ ಎಡಗಡೆಯ ಹೆಸರಿಡು ಎಂಬ ಆದೇಶ. ಹಾಗಾಗಿಯೇ ಗಂಟೆ = ಗಂಟೆ + 1 ಎಂದೂ ಬರೆಯಬಹುದು. ಗಣಿತದ ಮೇಷ್ಟ್ರು ಒಪ್ಪಲಿಕ್ಕಿಲ್ಲ, ಪೈಥಾನ್ ಒಪ್ಪುತ್ತದೆ. ಹೆಸರಿನ ನಡುವೆ ಖಾಲಿ ಜಾಗ ಬೇಡ, ಮೊದಲಲ್ಲೇ ಅಂಕಿ ಬೇಡ. ಸುಮ್ನೆ ಕ, ಖ ಅಂತ ಹೆಸರಿಟ್ಟರೆ ಆಮೇಲೆ ನಿಮಗೇ ಗೊಂದಲ.

ಈಗ 3 ಅನ್ನು ನಾವೇ ಬರೆಯುವ ಬದಲು ಬಳಸುವವರನ್ನೇ ಕೇಳೋಣ. ಮೊದಲ ಸಾಲನ್ನು ಹೀಗೆ ಬದಲಿಸಿ:

ಗಂಟೆ = ಇನ್‌ಪುಟ್("ಎಷ್ಟು ಗಂಟೆ? ")

ಪ್ರಶ್ನೆ ಕಾಣಿಸುತ್ತದೆ, ಪ್ರೋಗ್ರಾಂ ಕಾಯುತ್ತದೆ. 3 ಒತ್ತಿ ಎಂಟರ್ ಕೊಡಿ. 180 ಬರಬೇಕು, ಅಲ್ವಾ? ಬರುವುದಿಲ್ಲ. ಒಂದರ ಪಕ್ಕ ಒಂದರಂತೆ ಅರವತ್ತು 3ಗಳು ಸಾಲಾಗಿ ಬರುತ್ತವೆ!

ಕಾರಣ ಇಷ್ಟೇ. ಇನ್‌ಪುಟ್ ಏನನ್ನು ತಂದರೂ ಅದು ಸ್ಟ್ರಿಂಗ್, ಅಂದರೆ ಬರಿಯ ಪಠ್ಯ. ಪಠ್ಯವನ್ನು 60ರಿಂದ ಗುಣಿಸು ಎಂದರೆ ಪೈಥಾನ್ ಅದನ್ನೇ 60 ಸಲ ಬರೆಯುತ್ತದೆ. ಗುಣಿಸುವ ಬದಲು 1 ಕೂಡಿಸಲು ಹೋಗಿದ್ದರೆ ಟೈಪ್ ಎರರ್ (ಪಠ್ಯಕ್ಕೆ ಸಂಖ್ಯೆ ಕೂಡಿಸಲಾಗದು ಎಂಬ ದೂರು) ಕೊಟ್ಟು ನಿಲ್ಲುತ್ತಿತ್ತು. ನನ್ನ ಪ್ರಕಾರ ಅದೇ ವಾಸಿ. ಎರರ್ ಬಂದರೆ ತಪ್ಪು ಎಲ್ಲಿದೆ ಅಂತ ಗೊತ್ತಾಗುತ್ತದೆ, ಹೀಗೆ ಸದ್ದಿಲ್ಲದೆ ತಪ್ಪು ಉತ್ತರ ಬಂದರೆ ಹುಡುಕುವುದು ಕಷ್ಟ.

ಪರಿಹಾರ ಸುಲಭ, ಪಠ್ಯವನ್ನು ಸಂಖ್ಯೆ ಮಾಡಿ:

ಗಂಟೆ = ಇಂಟ್(ಇನ್‌ಪುಟ್("ಎಷ್ಟು ಗಂಟೆ? "))

ಕೊನೆಯಲ್ಲಿ ಎರಡು ಆವರಣ ಮುಚ್ಚಬೇಕು. ಹೊಸಬರು ಜಾಸ್ತಿ ಮರೆಯುವುದು ಇದನ್ನೇ. ಈಗ 180 ಬರುತ್ತದೆ.

ಯಾರಾದರೂ 1.5 ಎಂದು ಕೊಟ್ಟರೆ? ಇಂಟ್‌ಗೆ ಪೂರ್ಣಾಂಕ ಮಾತ್ರ ಗೊತ್ತು, ವ್ಯಾಲ್ಯೂ ಎರರ್ ಬರುತ್ತದೆ. ಇಂಟ್ ಜಾಗದಲ್ಲಿ ದಶಮಾಂಶವನ್ನೂ ಓದುವ ಫ್ಲೋಟ್ ಹಾಕಿ, ಉತ್ತರ 90.0 ಆಗುತ್ತದೆ. 'ಮೂರು' ಎಂದು ಅಕ್ಷರದಲ್ಲಿ ಬರೆದರೆ ಎರಡೂ ಕೈಚೆಲ್ಲುತ್ತವೆ. ಆದರೆ ಕನ್ನಡ ಅಂಕಿ ೩ ಕೊಟ್ಟು ನೋಡಿ, ಎರಡೂ ಸಲೀಸಾಗಿ ಓದುತ್ತವೆ. ಈ ಸೌಲಭ್ಯ ಟೈಪ್ ಮಾಡಿ ಕೊಡುವ ಉತ್ತರಕ್ಕೆ ಮಾತ್ರ. ಕೋಡ್ ಒಳಗೆ 60ರ ಬದಲು ೬೦ ಬರೆದರೆ ಪ್ರೋಗ್ರಾಂ ಶುರುವೇ ಆಗುವುದಿಲ್ಲ.