ಜೀವಕೋಶದ ಪಾಠ: ಬಾಯಿಪಾಠ ಬಿಡಿ, ಕಾರ್ಬನ್ ಲೆಕ್ಕ ಹಿಡಿಯಿರಿ

ಪರೀಕ್ಷೆ ಹತ್ತಿರ ಬಂತೆಂದರೆ ಮಂಡ್ಯದ ಟ್ಯೂಷನ್ ಮನೆಗಳಲ್ಲಿ ಒಂದೇ ರಾಗ: ‘ಮೈಟೋಕಾಂಡ್ರಿಯಾ ಜೀವಕೋಶದ ಶಕ್ತಿಕೇಂದ್ರ’. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ‘ಸರಿ ಕಣಪ್ಪ, ಅದರೊಳಕ್ಕೆ ಹೋಗೋದೇನು, ಹೊರಕ್ಕೆ ಬರೋದೇನು?’ ಅಂದರೆ ಕಣ್ಣು ಕಣ್ಣು ಬಿಡುತ್ತಾರೆ. ಎಸ್ಸೆಸ್ಸೆಲ್ಸಿಗೆ ಕೂರುವವರಿಗೂ, ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡು ಹೈಸ್ಕೂಲಿನದನ್ನು ಮರೆತವರಿಗೂ ಈ ಕ್ರಮ ಸಾಕು.

ಹಂತ 1: ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಸಸ್ಯಕೋಶ, ಪ್ರಾಣಿಕೋಶ ಎರಡನ್ನೂ ಪೆನ್ಸಿಲಿನಲ್ಲಿ ಬರೆಯಿರಿ. ಸ್ಕೆಚ್ ಪೆನ್ ಬೇಡ, ಬಣ್ಣ ತುಂಬುವುದರಲ್ಲೇ ಸಂಜೆ ಕಳೆದುಹೋಗುತ್ತದೆ. ಕೋಶಭಿತ್ತಿ, ಕ್ಲೋರೋಪ್ಲಾಸ್ಟ್, ದೊಡ್ಡ ರಸದಾನಿ ಸಸ್ಯಕ್ಕೆ ಸೇರಿದವು. ಮೈಟೋಕಾಂಡ್ರಿಯಾ ಎರಡರಲ್ಲೂ ಇರಬೇಕು. ಸಸ್ಯಕೋಶದಲ್ಲಿ ಅದನ್ನು ಬಿಟ್ಟವರೇ ಹೆಚ್ಚು. ಈರುಳ್ಳಿ ಸಿಪ್ಪೆಯ ಕೋಶಕ್ಕೆ ಮಾತ್ರ ಕ್ಲೋರೋಪ್ಲಾಸ್ಟ್ ಹಾಕಬೇಡಿ. ಗೆಡ್ಡೆಯ ಒಳಪದರಕ್ಕೆ ಹಸಿರು ಎಲ್ಲಿಂದ ಬರಬೇಕು?

ಹಂತ 2: ಜೀವಕೋಶದ ಕತೆಯ ಇಸವಿಗಳು. 1665 ರಾಬರ್ಟ್ ಹುಕ್ (ಕೋಶ ಅಂತ ಹೆಸರಿಟ್ಟವರು), 1838 ಶ್ಲೀಡನ್ (ಗಿಡವೆಲ್ಲ ಕೋಶದ್ದು), 1839 ಶ್ವಾನ್ (ಪ್ರಾಣಿಯೂ ಕೋಶದ್ದೇ), 1855 ವಿರ್ಚೋ (ಕೋಶದಿಂದಲೇ ಕೋಶ). ಚೀಟಿ ಬರೆದು ಗೋಡೆಗೆ ಅಂಟಿಸಿ, ಮುಗಿಯಿತು.

ಹಂತ 3: ದ್ಯುತಿಸಂಶ್ಲೇಷಣೆಗೆ ಮೂರು ಕಾಲಂ ಎಳೆಯಿರಿ: ಎಲ್ಲಿ, ಒಳಕ್ಕೇನು, ಹೊರಕ್ಕೇನು. ಜಾಗ ಕ್ಲೋರೋಪ್ಲಾಸ್ಟ್, ಬೆಳಕಿನ ಕೆಲಸ ಅದರೊಳಗಿನ ಚಪ್ಪಟೆ ಚೀಲಗಳಾದ ಥೈಲಕಾಯ್ಡಿನ ಪೊರೆಯಲ್ಲಿ, ಸಕ್ಕರೆ ಕಟ್ಟುವ ಕೆಲಸ ಆ ಚೀಲಗಳ ಸುತ್ತಲಿನ ದ್ರವವಾದ ಸ್ಟ್ರೋಮಾದಲ್ಲಿ. ಹೊರಬರುವ ಆಮ್ಲಜನಕ ಕಾರ್ಬನ್ ಡೈಆಕ್ಸೈಡಿನದು ಅಂತ ಬರೆದು ಅಂಕ ಕಳೆದುಕೊಳ್ಳಬೇಡಿ. ಅದು ನೀರಿನದು, 1941ರಲ್ಲಿ ವಿಜ್ಞಾನಿಗಳಾದ ರೂಬೆನ್ ಮತ್ತು ಕಾಮೆನ್ ಭಾರದ ಆಮ್ಲಜನಕ (ಗುರುತು ಹಿಡಿಯಬಹುದಾದ, ತೂಕ ಹೆಚ್ಚಿನ ಪರಮಾಣು) ಬಳಸಿ ತೋರಿಸಿದ್ದಾರೆ.

ಹಂತ 4: ಕೋಶದ ಉಸಿರಾಟ, ಅಂದರೆ ಸಕ್ಕರೆ ಒಡೆದು ಶಕ್ತಿ ಪಡೆಯುವುದು. ಎಲ್ಲರೂ ಮುಗ್ಗರಿಸುವುದು ಇಲ್ಲೇ, ಆದ್ದರಿಂದ ಅವಸರ ಬೇಡ. ಸಮೀಕರಣವನ್ನು ಪಕ್ಕಕ್ಕಿಡಿ. ಹಾಳೆಯ ತಲೆಗೆ ಗ್ಲೂಕೋಸ್ ಅಂತ ಬರೆದು ಕೆಳಗೆ ಆರು ಚುಕ್ಕಿ ಇಡಿ. ಒಂದೊಂದು ಚುಕ್ಕಿಯೂ ಒಂದು ಕಾರ್ಬನ್. ಕೋಶದ್ರವ್ಯದಲ್ಲಿ ಈ ಆರು ಒಡೆದು ಮೂರು ಮೂರರ ಎರಡು ಪೈರುವೇಟ್ ಆಗುತ್ತದೆ, ನಿವ್ವಳ 2 ಎಟಿಪಿ (ಕೋಶ ಖರ್ಚು ಮಾಡುವ ಶಕ್ತಿಯ ಅಣು) ಸಿಗುತ್ತದೆ. ಇಷ್ಟಕ್ಕೆ ಆಮ್ಲಜನಕ ಬೇಕಿಲ್ಲ, ಮೈಟೋಕಾಂಡ್ರಿಯಾವೂ ಬೇಕಿಲ್ಲ. ಈ ಮಾತನ್ನು ಹಾಳೆಯ ಅಂಚಿನಲ್ಲಿ ಬರೆದು ಅಡಿಗೆರೆ ಎಳೆಯಿರಿ.

ಪೈರುವೇಟಿನಿಂದ ಮೂರು ದಾರಿ ಕವಲೊಡೆಯುತ್ತವೆ. ಪ್ರತಿ ದಾರಿಯಲ್ಲೂ ಚುಕ್ಕಿ ಎಣಿಸಿ. ಆಮ್ಲಜನಕವಿಲ್ಲದ ಯೀಸ್ಟಿನಲ್ಲಿ ಮೂರು ಚುಕ್ಕಿಯಲ್ಲಿ ಎರಡು ಎಥನಾಲಿಗೆ, ಒಂದು ಕಾರ್ಬನ್ ಡೈಆಕ್ಸೈಡಿಗೆ. ಬೇಕರಿಯ ಬನ್ನು ಉಬ್ಬುವುದು ಆ ಒಂದು ಚುಕ್ಕಿಯಿಂದ. ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಓಡಿಕೊಂಡು ಹತ್ತಿದರೆ ಕಾಲಿನ ಸ್ನಾಯುವಿಗೆ ಆಮ್ಲಜನಕ ಸಾಲದೆ ಬರುತ್ತದೆ. ಆಗ ಪೈರುವೇಟ್ ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಅದಕ್ಕೂ ಮೂರೇ ಕಾರ್ಬನ್. ಚುಕ್ಕಿ ಉಳಿಯಲಿಲ್ಲ, ಅಂದಮೇಲೆ ಈ ದಾರಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಬರುವ ಹಾಗೇ ಇಲ್ಲ. ‘ಲ್ಯಾಕ್ಟಿಕ್ ಆಮ್ಲ + ಕಾರ್ಬನ್ ಡೈಆಕ್ಸೈಡ್’ ಅಂತ ಬರೆದವರು ಚುಕ್ಕಿ ಎಣಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದರು.

ಮೂರನೇ ದಾರಿ ಮೈಟೋಕಾಂಡ್ರಿಯಾದೊಳಕ್ಕೆ. ಇಲ್ಲಿ ಮೂರೂ ಚುಕ್ಕಿ ಕಾರ್ಬನ್ ಡೈಆಕ್ಸೈಡಾಗಿ ಹೊರಬೀಳುತ್ತವೆ. ನಾವು ಎಳೆದುಕೊಂಡ ಆಮ್ಲಜನಕ ಕೊನೆಯಲ್ಲಿ, ಒಳಪೊರೆಯ ಹತ್ತಿರ, ಎಲೆಕ್ಟ್ರಾನುಗಳನ್ನು ಪಡೆದು ಹೈಡ್ರೋಜನ್ ಜೊತೆ ಸೇರಿ ನೀರಾಗುತ್ತದೆ. ಹೆಚ್ಚಿನ ಎಟಿಪಿ ಸಿಗುವುದು ಈ ಘಟ್ಟದಲ್ಲೇ. ಒಟ್ಟು ಎಷ್ಟು ಅಂತ ಜಗಳ ಬೇಡ: ಹಳೆಯ ಪುಸ್ತಕಗಳು 36 ಅಥವಾ 38 ಅನ್ನುತ್ತವೆ, ಈಗಿನ ಅಂದಾಜು 30ರಿಂದ 32. ಪರೀಕ್ಷೆಯಲ್ಲಿ ನಿಮ್ಮ ಪಠ್ಯಪುಸ್ತಕದ್ದನ್ನೇ ಬರೆಯಿರಿ.

ಈ ಚಿತ್ರವನ್ನು ಅಚ್ಚು ಮಾಡಿ ಮಾರುವ ಪ್ಲಾಸ್ಟಿಕ್ ಹೊದಿಕೆಯ ಚಾರ್ಟುಗಳಿಗೆ ದುಡ್ಡು ಸುರಿಯಬೇಡಿ. ಕೈಯಲ್ಲಿ ಬರೆದದ್ದೇ ತಲೆಯಲ್ಲಿ ನಿಲ್ಲುವುದು. ಒಂದಂಕದ ಪ್ರಶ್ನೆಗಳ ಗೈಡನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಿ. ವಿಡಿಯೊ ನೋಡುವುದಾದರೆ ಡಬಲ್ ಸ್ಪೀಡಿನಲ್ಲಂತೂ ಬೇಡ.

ಹಂತ 5: ‘ಗಿಡ ಹಗಲು ದ್ಯುತಿಸಂಶ್ಲೇಷಣೆ ಮಾಡುತ್ತೆ, ರಾತ್ರಿ ಉಸಿರಾಡುತ್ತೆ’ ಅನ್ನುವ ಸಾಲು ನಿಮ್ಮ ನೋಟ್ಸಿನಲ್ಲಿದ್ದರೆ ಹೊಡೆದುಹಾಕಿ. ಉಸಿರಾಟ ಹಗಲೂ ಇದೆ, ರಾತ್ರಿಯೂ ಇದೆ. ನಂಬಿಕೆ ಬಾರದಿದ್ದರೆ ಮನೆಯಲ್ಲಿ ಕಬ್ಬು ಬೆಳೆಯುವವರನ್ನು ಕೇಳಿ. ಕಡಿದ ಕಬ್ಬನ್ನು ಬೇಗ ಅರೆಯದೆ ಗದ್ದೆಯಲ್ಲೇ ಬಿಟ್ಟರೆ ತೂಕವೂ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ತೂಕ ಇಳಿಯುವುದು ಬಹುಪಾಲು ನೀರು ಆರಿ. ಸಕ್ಕರೆಯನ್ನು ಜಲ್ಲೆಯೊಳಗಿನ ಕಿಣ್ವಗಳು ಒಡೆಯುತ್ತವೆ, ಬ್ಯಾಕ್ಟೀರಿಯಾ ತಿನ್ನುತ್ತವೆ, ಇನ್ನೂ ಜೀವವಿರುವ ಕೋಶಗಳು ಉಸಿರಾಟಕ್ಕೆ ಬಳಸುತ್ತವೆ. ಸೋಗೆ ಕಡಿದು ಬಿಸಾಕಿದ್ದಾಗಿದೆ, ಹೊಸ ಸಕ್ಕರೆ ಕಟ್ಟುವವರು ಯಾರೂ ಇಲ್ಲ.

ಹಂತ 6: ಒಂದು ಪ್ರಶ್ನೆಯಿಂದ ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ. ಮನುಷ್ಯನ ಬಲಿತ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವಿಲ್ಲ, ಮೈಟೋಕಾಂಡ್ರಿಯಾವೂ ಇಲ್ಲ. ಮೈತುಂಬ ಆಮ್ಲಜನಕ ಹೊರುವ ಅದಕ್ಕೆ ಶಕ್ತಿ ಎಲ್ಲಿಂದ? ಉತ್ತರ ನಾಲ್ಕನೇ ಹಂತದಲ್ಲಿ ನೀವು ಅಡಿಗೆರೆ ಎಳೆದ ಕಡೆ ಇದೆ: ಕೋಶದ್ರವ್ಯದಲ್ಲಿ ಗ್ಲೂಕೋಸ್ ಒಡೆದು, ಲ್ಯಾಕ್ಟಿಕ್ ಆಮ್ಲದ ದಾರಿ. ಹೊಳೆಯಲಿಲ್ಲವಾದರೆ ಎರಡು ದಿನ ಬಿಟ್ಟು ಹೊಸ ಹಾಳೆಯಲ್ಲಿ ಮತ್ತೆ ಚುಕ್ಕಿ ಇಡಿ, ಲೆಕ್ಕ ತಪ್ಪಿದ ಕಡೆ ಮಾತ್ರ ಪುಸ್ತಕ ತೆರೆಯಿರಿ.