ಕಾಫಿಗೆ ಮುಂಚೆ ನಾಡಿ ಎಣಿಸಿ
ಲಾಲ್‌ಬಾಗ್ ವಾಕಿಂಗ್ ಗೆಳೆಯರೇ, ಕಾಫಿ ಕುಡಿದು ಗೇಟಿನ ಹತ್ತಿರ ವಾಚ್ ನೋಡಿದರೆ ಸಿಗುವುದು ವಿಶ್ರಾಂತಿಯ ನಾಡಿ ಅಲ್ಲ. ಎದ್ದ ತಕ್ಷಣ ಹಾಸಿಗೆಯಲ್ಲೇ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಕಡೆಗೆ, ಎರಡು ಬೆರಳಿಟ್ಟು 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ದೊಡ್ಡವರಿಗೆ ನಿಮಿಷಕ್ಕೆ 60ರಿಂದ 100 ಮಾಮೂಲು. ಆದರೆ ನಿಮ್ಮದೇ ದಿನದಿನದ ಲೆಕ್ಕ ಮುಖ್ಯ, ಅಲ್ವಾ? ನನ್ನದು 66. ನಿದ್ದೆಗೆಟ್ಟ ಮರುದಿನ 74. ಅವತ್ತು ಬಂಡೆ ಹತ್ತುವುದಿಲ್ಲ, ಸುಮ್ನೆ ಕೆರೆ ಪಕ್ಕ ನಡೆಯುತ್ತೇನೆ.

ಜೋರಾಗಿ ನಡೆದು ನಿಂತ ಕೂಡಲೇ 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. 1 ನಿಮಿಷ ಬಿಟ್ಟು ಮತ್ತೆ. ಮೊದಲ ಲೆಕ್ಕಕ್ಕಿಂತ ಎರಡನೆಯದು ಪ್ರತಿ ಸಲವೂ 12 ಬಡಿತದಷ್ಟೂ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ನಾಡಿ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಎದೆನೋವು ಬಂದರೆ ಮಾತ್ರ ಎಣಿಸುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.